ಗೆಳತಿಯ ಜೊತೆ ಇಟಲಿಗೆ: ಈಗಲೇ ಹೊರಡುವುದಾ, ಇನ್ನೊಂದು ವರ್ಷ ತಡೆಯುವುದಾ?

ನೀವು ಕೇಳಿದ್ದು ಇಷ್ಟು. ನೀವು ಮತ್ತು ನಿಮ್ಮ ಕಾಲೇಜಿನ ಗೆಳತಿ ಹದಿನೈದು ವರ್ಷದಿಂದ ಇಟಲಿ ಇಟಲಿ ಅನ್ನುತ್ತಲೇ ಬಂದಿದ್ದೀರಿ. ಈಗ ಹತ್ತು-ಹನ್ನೊಂದು ದಿನ ರಜೆ ಸಿಗುವ ಹಾಗಿದೆ. ಇಬ್ಬರೂ ಸಸ್ಯಾಹಾರಿಗಳು. ಟೂರ್ ಕಂಪನಿಯವರ ಜೊತೆ ಹೋಗುವುದಾ, ನೀವಿಬ್ಬರೇ ಹೋಗುವುದಾ? ಎಷ್ಟು ಊರು ನೋಡಬಹುದು? ಅಥವಾ ಮಗಳ ಪರೀಕ್ಷೆ ಮುಗಿಯಲಿ ಅಂತ ಇನ್ನೊಂದು ವರ್ಷ ತಡೆಯುವುದಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಡೆಯಬೇಡಿ.

ನಾನೂ ನನ್ನ ಗೆಳತಿಯೂ ಸಾಗರದವರು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳು ಈಗ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್, ನಾನು ಬ್ಯಾಂಕಿನಲ್ಲಿ. ಇಟಲಿಗೆ ಹೋಗಬೇಕು ಅಂತ ಮೊದಲು ಮಾತಾಡಿಕೊಂಡದ್ದು 2002ರಲ್ಲಿ. ಹೋದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಮದುವೆ, ಮಕ್ಕಳು, ಮನೆ ಸಾಲ, ಅವಳ ಅಪ್ಪನ ಕಾಯಿಲೆ, ಆಮೇಲೆ ಕೊರೊನಾ. ಪ್ರತಿ ಸಲವೂ ಕಾರಣ ಸರಿಯಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಅವಳ ಎಡ ಮೊಣಕಾಲು ಸವೆದುಹೋಗಿತ್ತು. ಇಟಲಿಯಲ್ಲಿ ಎಲ್ಲಿ ಹೋದರೂ ಮೆಟ್ಟಿಲು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಟೂರ್ ಕಂಪನಿಯ ವಿಷಯ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಅದೇ ಸರಿ. ಊಟ, ಬಸ್ಸು, ರೂಮು ಎಲ್ಲ ಅವರ ತಲೆನೋವು. ಆದರೆ ಇಬ್ಬರು ಗೆಳತಿಯರು ಇಷ್ಟು ವರ್ಷ ಕಾದು ಹೋಗುವಾಗ, ಒಂದು ಜಾಗದಲ್ಲಿ ಮುಕ್ಕಾಲು ಗಂಟೆ ಬಿಟ್ಟು "ಬಸ್ ಹತ್ತಿ" ಅನ್ನುವವರು ಬೇಡ. ರೈಲು ಚೆನ್ನಾಗಿದೆ, ಎಲ್ಲ ಫೋನಿನಲ್ಲೇ ಬುಕ್ ಆಗುತ್ತದೆ. ನೀವಿಬ್ಬರೇ ಹೋಗಿ.

ಎಷ್ಟು ಊರು? ನಮ್ಮ ಮೊದಲ ಪಟ್ಟಿಯಲ್ಲಿ ಎಂಟು ಇತ್ತು. ಮಿಲಾನ್, ಪಿಸಾ, ನೇಪಲ್ಸ್, ಪೊಂಪೇಯಿ, ಎಲ್ಲ. ಬಹಳ ವರ್ಷ ಕಾದವರಿಗೆ ಆಗುವುದೇ ಹೀಗೆ, ಒಂದೇ ಸಲಕ್ಕೆ ಎಲ್ಲ ಬೇಕು ಅನ್ನಿಸುತ್ತದೆ. ಕೊನೆಗೆ ಮೂರಕ್ಕೆ ಇಳಿಸಿದೆವು: ರೋಮ್ ನಾಲ್ಕು ರಾತ್ರಿ, ಫ್ಲಾರೆನ್ಸ್ ನಾಲ್ಕು ರಾತ್ರಿ, ವೆನಿಸ್ ಎರಡು ರಾತ್ರಿ. ರೋಮ್‌ನಲ್ಲಿ ಇಳಿದು ವೆನಿಸ್‌ನಿಂದ ವಾಪಸ್ ಹೊರಡುವ ಹಾಗೆ ವಿಮಾನದ ಟಿಕೆಟ್ ಮಾಡಿಸಿ. ಇಲ್ಲದಿದ್ದರೆ ಮತ್ತೆ ರೋಮ್‌ಗೆ ಬರುವುದರಲ್ಲೇ ಅರ್ಧ ದಿನ ಹೋಗುತ್ತದೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ. ಈ ರೈಲುಗಳ ಟಿಕೆಟ್ ಬೇಗ ತೆಗೆದರೆ ಅಗ್ಗ, ಹೊರಡುವ ದಿನ ತೆಗೆದರೆ ದುಪ್ಪಟ್ಟಿಗಿಂತ ಜಾಸ್ತಿಯೂ ಆಗಬಹುದು. ಊರೂರಿಗೆ ನಿಲ್ಲುವ ಸಣ್ಣ ರೈಲುಗಳಿಗೆ ಬೇಗ ತೆಗೆದರೂ ದರ ಅಷ್ಟೇ. ಆದರೆ ಅದರ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಒತ್ತಿಸಿಕೊಂಡೇ ರೈಲು ಹತ್ತಬೇಕು. ನಾವು ಒತ್ತಿಸದೆ ಹತ್ತಿ, ಟಿಕೆಟ್ ಕೈಯಲ್ಲೇ ಇದ್ದರೂ ದಂಡ ಕಟ್ಟಿದೆವು.

ರೋಮ್‌ನಲ್ಲಿ ಕೊಲೊಸಿಯಮ್, ವ್ಯಾಟಿಕನ್ ಎರಡಕ್ಕೂ ಮುಂಚೆಯೇ ಬುಕ್ ಮಾಡಿ. ಅವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಟ್ರೆವಿ ಕಾರಂಜಿ ನಾವು ಹೋದಾಗ ದುರಸ್ತಿಗೆ ಅಂತ ನೀರಿಲ್ಲದೆ ನಿಂತಿತ್ತು. ನಮಗೆ ಸಿಕ್ಕಿದ್ದು ಪ್ಯಾಂಥಿಯನ್. ಸುಮಾರು 1900 ವರ್ಷ ಹಳೆಯ ಕಟ್ಟಡ. ಗುಮ್ಮಟದ ಅಗಲ 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳು ಒಂದೂ ಇಲ್ಲ, ಬರೀ ಕಾಂಕ್ರೀಟ್. ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ದುಂಡು ಕಿಂಡಿ. ಅದಕ್ಕೆ ಗಾಜು ಇಲ್ಲ, ಮುಚ್ಚಿಗೆ ಇಲ್ಲ.

ನಾವು ಒಳಗೆ ಹೋದ ಹತ್ತು ನಿಮಿಷಕ್ಕೆ ಮಳೆ ಶುರುವಾಯಿತು. ಜನ ಹೊರಗೆ ಓಡಲಿಲ್ಲ, ಎಲ್ಲರೂ ಸುಮ್ಮನೆ ತಲೆ ಎತ್ತಿ ನಿಂತರು. ಕಿಂಡಿಯಿಂದ ಮಳೆ ಒಂದು ಕಂಬದ ಹಾಗೆ ಕೆಳಗಿಳಿಯಿತು. ಹನಿಗಳು ಅಷ್ಟು ಎತ್ತರದಿಂದ ಬೀಳುವುದು ಒಂದೊಂದಾಗಿ ಕಾಣುತ್ತಿತ್ತು. ನೆಲದ ಅಮೃತಶಿಲೆ ನಡುವೆ ಸ್ವಲ್ಪ ಉಬ್ಬಿದೆ, ಅಲ್ಲಲ್ಲಿ ಸಣ್ಣ ಸಣ್ಣ ತೂತುಗಳಿವೆ. ಬಿದ್ದ ನೀರು ಹರಿದು ಆ ತೂತುಗಳಲ್ಲಿ ಇಳಿದುಹೋಗುತ್ತದೆ. ಗೆಳತಿ ನನ್ನ ಕೈ ಹಿಡಿದು, "ನಮ್ಮ ಅಜ್ಜಿ ಮನೆ ಅಂಗಳದ ಮಳೆ ಕಣೇ ಇದು" ಅಂದಳು. ನಡುವೆ ಆಕಾಶ ಬಿಟ್ಟು ಸುತ್ತ ಮಾಡು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ನಾವು ಹೋದಾಗ ಟಿಕೆಟ್ 5 ಯೂರೋ ಇತ್ತು. ಮಳೆ ಬರುವ ಹಾಗಿದ್ದರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಹೋಗಿ.

ಇನ್ನೊಂದು ಜಾಗ, ಇದು ನಾವು ಊರಿನಿಂದಲೇ ಗುರುತು ಹಾಕಿಕೊಂಡು ಹೋದದ್ದು. ರೋಮ್‌ನ ನಡುವೆ ಕಾಪಿಟೊಲಿನ್ ಗುಡ್ಡದ ಮೇಲೆ ಸಾಂತಾ ಮರಿಯಾ ಇನ್ ಅರಾಚೇಲಿ ಅನ್ನುವ ಚರ್ಚ್ ಇದೆ. ಅಲ್ಲಿ ಪಿಯೆತ್ರೊ ದೆಲ್ಲ ವಲ್ಲೆಯ ಸಮಾಧಿ ಇದೆ. ರೋಮ್‌ನ ಈ ಪ್ರವಾಸಿ 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಇಕ್ಕೇರಿ ನಮ್ಮ ಸಾಗರದ ಪಕ್ಕದಲ್ಲೇ ಇದೆ. ಆಮೇಲೆ ಅವನು ಉಳ್ಳಾಲದ ರಾಣಿಯನ್ನೂ ಕಂಡು ಬರೆದಿಟ್ಟ. ಘಟ್ಟ ಹತ್ತುವ ದಾರಿಯಲ್ಲಿ ಗುಡಿಯ ಜಗುಲಿಯೊಂದರಲ್ಲಿ ನಾಲ್ಕು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದ್ದ. ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅವಳ ದೇಹವನ್ನು ಕೆಡದಂತೆ ಕಾಪಾಡಿ, ವರ್ಷಗಟ್ಟಲೆ ತನ್ನ ಜೊತೆಯಲ್ಲೇ ಇಟ್ಟುಕೊಂಡು ತಿರುಗಿದ. ಕೊನೆಗೆ ರೋಮ್‌ಗೆ ತಂದು ಇದೇ ಚರ್ಚಿನಲ್ಲಿ ಮಣ್ಣು ಮಾಡಿದ. 1652ರಲ್ಲಿ ತಾನೂ ಅಲ್ಲೇ ಸೇರಿದ.

ಚರ್ಚಿನ ಮುಂದೆ 124 ಕಡಿದಾದ ಮೆಟ್ಟಿಲು. ಗೆಳತಿ ನೋಡಿಯೇ ನಿಂತುಬಿಟ್ಟಳು. ಆದರೆ ಪಕ್ಕದಲ್ಲೇ ಮೈಕೆಲಾಂಜೆಲೊ ಯೋಜಿಸಿದ ಅಗಲವಾದ ಇಳಿಜಾರು ದಾರಿ ಇದೆ. ಅದರಲ್ಲಿ ನಿಧಾನ ಹತ್ತಿ, ಮೇಲಿನ ಚೌಕದಿಂದ ಚರ್ಚಿನ ಪಕ್ಕದ ಬಾಗಿಲಿಗೆ ಹೋಗಬಹುದು. ಕೆಲವೇ ಮೆಟ್ಟಿಲು. ಒಳಗೆ ನೆಲದ ತುಂಬ ಸಮಾಧಿಯ ಕಲ್ಲುಗಳು, ಜನ ನಡೆದೂ ನಡೆದೂ ಅದರ ಮೇಲಿನ ಮುಖಗಳು ನುಣ್ಣಗಾಗಿವೆ. ನಮ್ಮ ಊರಿಗೆ ನಾನೂರು ವರ್ಷದ ಹಿಂದೆ ಬಂದುಹೋದವನ ಊರಿಗೆ ನಾವು ಬಂದಿದ್ದೆವು. ಅವಳು ಚಪ್ಪಲಿ ಹೊರಗೆ ಬಿಟ್ಟು ಬರಲಿಲ್ಲವಲ್ಲ ಅಂತ ಪೇಚಾಡಿಕೊಂಡಳು. ಪ್ರವೇಶ ಉಚಿತ.

ಊಟದ ಬಗ್ಗೆ ಹೆದರಬೇಡಿ. ಟೊಮೆಟೊ ಪಾಸ್ತಾ, ಮಾರ್ಗರಿಟಾ ಪಿಜ್ಜಾ ಎಲ್ಲಿ ಹೋದರೂ ಸಿಗುತ್ತದೆ. ಫ್ಲಾರೆನ್ಸ್‌ನಲ್ಲಿ ರಿಬೊಲ್ಲಿತಾ ತಿನ್ನಿ: ಹಳೇ ಬ್ರೆಡ್ಡು, ಬಿಳಿ ಕಾಳು, ಕಪ್ಪು ಸೊಪ್ಪು ಹಾಕಿ ಬೇಯಿಸಿದ ಗಟ್ಟಿ ಸಾರು. ನಾವು ಅದಕ್ಕೆ ಮನೆಯ ಚಟ್ನಿಪುಡಿ ಉದುರಿಸಿಕೊಂಡೆವು. ಲುಕ್ಕಾ ಅನ್ನುವ ಪಕ್ಕದ ಊರಿನಲ್ಲಿ ಚೆಚೀನಾ ಮಾರುತ್ತಾರೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸಿ, ತುಂಡು ಮಾಡಿ, ಕಾಳುಮೆಣಸಿನ ಪುಡಿ ಹಾಕಿ ಕೊಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ನಾವು ಎರಡೆರಡು ಸಲ ತಿಂದೆವು. ಒಂದು ಮಾತು ಗಮನದಲ್ಲಿರಲಿ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರಾದರೆ ಚೀಸ್ ಉದುರಿಸಬೇಡಿ ಅಂತ ಮೊದಲೇ ಹೇಳಿ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು, ಕೇಳಿ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ" ಅಂದರೆ ಮಾಂಸ ಬೇಡ, ಮೀನು ಬೇಡ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೋ ಸೇರಿರುತ್ತದೆ. ಅದು ಟೇಬಲ್ಲಿಗೆ ಕೂತದ್ದಕ್ಕೆ, ಮೋಸವಲ್ಲ. ಕಾಫಿಯನ್ನು ಕೌಂಟರ್ ಹತ್ತಿರ ನಿಂತೇ ಕುಡಿದರೆ ಅಗ್ಗ, ನಮ್ಮ ದರ್ಶಿನಿಯ ಹಾಗೆ. ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ. ಬೀದಿಬೀದಿಯಲ್ಲಿ ನಲ್ಲಿಗಳು ಹಗಲು ರಾತ್ರಿ ಹರಿಯುತ್ತಿರುತ್ತವೆ, ನೀರು ತಣ್ಣಗೆ ಚೆನ್ನಾಗಿದೆ. ಕೊಳವೆಯ ಬಾಯಿಗೆ ಬೆರಳಿಟ್ಟರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೇ ಕುಡಿಯಬಹುದು.

ಈಗ ಗೆಳತಿಯ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಇದೇ ಮುಖ್ಯ. ಎಷ್ಟೇ ಹಳೆಯ ಸ್ನೇಹವಾದರೂ ಹನ್ನೊಂದು ದಿನ ಒಂದೇ ರೂಮಿನಲ್ಲಿ ಇರುವುದು ಬೇರೆಯೇ. ದುಡ್ಡಿಗೆ ನಾವು ಒಂದು ಉಪಾಯ ಮಾಡಿದ್ದೆವು. ಇಬ್ಬರೂ ಸಮನಾಗಿ ಹಾಕಿ ಒಂದು ಪರ್ಸ್ ಇಟ್ಟೆವು. ಊಟ, ಬಸ್ಸು, ಹೋಟೆಲಿನವರು ಬೇರೆಯಾಗಿ ಕೇಳುವ ಊರಿನ ತೆರಿಗೆ, ಎಲ್ಲ ಅದರಿಂದ. ಲೆಕ್ಕದ ಮಾತೇ ಬರಲಿಲ್ಲ.

ಜಗಳ ಬಂದದ್ದು ಫ್ಲಾರೆನ್ಸ್‌ನ ಉಫಿಜಿ ಮ್ಯೂಸಿಯಂನಲ್ಲಿ. ನಾನು ಕೋಣೆಯಿಂದ ಕೋಣೆಗೆ ಓಡುವವಳು. ಅವಳು ಬೊತ್ತಿಚೆಲ್ಲಿಯ ಒಂದು ಚಿತ್ರದ ಮುಂದೆ ಒಂದು ಗಂಟೆ ನಿಂತಳು. ನಾನು ಮೂರನೇ ಸಲ ಕರೆದಾಗ ತಿರುಗಿ, "ಇಪ್ಪತ್ತೆರಡು ವರ್ಷ ಕಾದಿದ್ದೀನಿ ಮಾರಾಯ್ತಿ, ಇನ್ನೊಂದು ಹತ್ತು ನಿಮಿಷ ನಿಂಗೆ ಕಾಯೋಕಾಗಲ್ವಾ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಆ ರಾತ್ರಿ ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು: ಪ್ರತಿ ಊರಿನಲ್ಲೂ ಅರ್ಧ ದಿನ ಅವರವರ ಪಾಡಿಗೆ. ನೀವು ಇದನ್ನು ಹೊರಡುವ ಮುಂಚೆಯೇ ಒಪ್ಪಿಕೊಳ್ಳಿ.

ಮರುದಿನ ಅವಳು ಒಬ್ಬಳೇ ಸಾನ್ ಮಾರ್ಕೊ ಮಠಕ್ಕೆ ಹೋದಳು. ಸನ್ಯಾಸಿಗಳು ಮಲಗುತ್ತಿದ್ದ ಒಂದೊಂದು ಸಣ್ಣ ಕೋಣೆಯ ಗೋಡೆಗೂ ಫ್ರಾ ಆಂಜೆಲಿಕೊ ಅನ್ನುವ ಚಿತ್ರಕಾರ ಸನ್ಯಾಸಿ ಚಿತ್ರ ಬರೆದ ಮಠ ಅದು. ಚಿತ್ರ ಇಷ್ಟಪಡುವವರು ತಪ್ಪಿಸಬೇಡಿ, ನಾವು ಹೋದಾಗ ಮಧ್ಯಾಹ್ನ ಎರಡರೊಳಗೆ ಬಾಗಿಲು ಹಾಕುತ್ತಿದ್ದರು. ನಾನು ದೊಡ್ಡ ಚರ್ಚಿನ ಗುಮ್ಮಟ ಹತ್ತಿದೆ. ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ, ಕೆಳಗಿನಿಂದ ಮರದ ಆಧಾರ ಕೊಡದೇ ಕಟ್ಟಿದ್ದು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಆ ಗುಮ್ಮಟ ಅವಳ ಕನಸು, ನನ್ನದಲ್ಲ. ಹುಡುಗಿಯಾಗಿದ್ದಾಗಿನಿಂದ ಅದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದವಳು ಅವಳು. ಬೆಳಿಗ್ಗೆ ಹೊರಡುವಾಗ, "ಎರಡು ಗೋಡೆ ನಡುವೆ ದಾರಿ ಬರುತ್ತೆ, ಅಲ್ಲಿ ಇಟ್ಟಿಗೆ ಹೇಗೆ ಜೋಡಿಸಿದಾರೆ ನೋಡು, ನೋಡಿ ಬಂದು ಹೇಳು" ಅಂದಿದ್ದಳು.

ಗುಮ್ಮಟ ಒಂದಲ್ಲ, ಒಂದರೊಳಗೆ ಒಂದು, ಎರಡು. ಅವುಗಳ ನಡುವಿನ ಸಂದಿಯಲ್ಲಿ ಹತ್ತಬೇಕು. ದಾರಿ ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಮೇಲೆ ಹೋದಂತೆ ಗೋಡೆ ತಲೆಯ ಮೇಲೆ ಬಾಗುತ್ತ ಬರುತ್ತದೆ. ಇಟ್ಟಿಗೆ ಸಾಲು ಮಲಗಿದೆ, ನಡುನಡುವೆ ಒಂದೊಂದು ಇಟ್ಟಿಗೆ ಎದ್ದು ನಿಂತಿದೆ. ನಿಂತ ಇಟ್ಟಿಗೆಗಳು ಓರೆಯಾಗಿ ಮೇಲಕ್ಕೆ ಸುತ್ತಿಕೊಂಡು ಹೋಗುತ್ತವೆ, ಮೀನಿನ ಮುಳ್ಳಿನ ಹಾಗೆ. ಗಾರೆ ಒಣಗುವ ಮೊದಲೇ ಸಾಲು ಜಾರದಂತೆ ಹಿಡಿದದ್ದು ಅವೇ. ನಾನು ಕೈಯಿಟ್ಟು ನೋಡಿದೆ. ತಣ್ಣಗೆ, ಒರಟಾಗಿತ್ತು.

ಸಂಜೆ ಚೌಕದಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಅವಳು ನೋಟ್‌ಬುಕ್ ತೆಗೆದು, ನಾನು ಹೇಳಿದ ಹಾಗೆ ಬರೆದುಕೊಂಡಳು. "ನಿಂತ ಇಟ್ಟಿಗೆ ಎಷ್ಟಕ್ಕೊಂದು?" ಅಂತ ಕೇಳಿದಳು. ನಾನು ಎಣಿಸಿರಲಿಲ್ಲ. "ಹತ್ತು ವರ್ಷ ಮುಂಚೆ ಬಂದಿದ್ರೆ ನಾನೇ ಎಣಿಸ್ತಿದ್ದೆ" ಅಂದಳು, ಬೇಸರವಿಲ್ಲದೆ, ಸುಮ್ನೆ ಹೇಳಿದ ಹಾಗೆ. ನನಗೆ ಆ ಮಾತು ಇವತ್ತಿಗೂ ಹೋಗಿಲ್ಲ. ತಡೆಯಬೇಡಿ ಅಂದದ್ದು ಅದಕ್ಕೇ.

ವೆನಿಸ್‌ಗೆ ಎರಡು ರಾತ್ರಿ ಸಾಕು, ಆದರೆ ರೂಮು ದ್ವೀಪದ ಒಳಗೇ ಇರಲಿ. ದುಡ್ಡು ಉಳಿಸಲು ಹತ್ತಿರದ ಮೆಸ್ತ್ರೆಯಲ್ಲಿ ಉಳಿಯುವವರು ಬಹಳ, ನೀವು ಹಾಗೆ ಮಾಡಬೇಡಿ. ಸಂಜೆ ದಿನದ ಪ್ರವಾಸಿಗಳೆಲ್ಲ ಹೋದ ಮೇಲೆ, ನೀರು ಗೋಡೆಗೆ ಬಡಿಯುವ ಸದ್ದು ಬಿಟ್ಟು ಏನೂ ಇಲ್ಲದ ಓಣಿಗಳಲ್ಲಿ ನಡೆಯುವುದೇ ವೆನಿಸ್. 400ಕ್ಕೂ ಹೆಚ್ಚು ಸೇತುವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಸೂಟ್‌ಕೇಸ್ ಚಿಕ್ಕದಿರಲಿ, ಹೋಟೆಲು ದೋಣಿ ನಿಲ್ದಾಣದ ಹತ್ತಿರ ಇರಲಿ.

ಕೊನೆಗೆ ವೀಸಾ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಶುಲ್ಕ 90 ಯೂರೋ, ಮೇಲೆ ಸೇವಾ ಶುಲ್ಕ. ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಬೇಕು. ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಬೇಗ ಶುರುಮಾಡಿ. ವಾಪಸ್ ಬರುವ ದಿನದಿಂದ ಮುಂದೆ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ನನ್ನ ಗೆಳತಿಯದ್ದು ಅವಧಿ ಮುಗಿದು ಬೀರುವಿನಲ್ಲಿ ಕೂತಿತ್ತು. ನಮಗೆ ಅದರಿಂದಲೇ ಎರಡು ತಿಂಗಳು ತಡವಾಯಿತು. ನಿಮ್ಮದನ್ನೂ ಅವರದ್ದನ್ನೂ ಇವತ್ತೇ ತೆಗೆದು ನೋಡಿ.