ಸಿಡಿಲಿನ ರಾತ್ರಿಯ ನಂತರ ಆನ್ ಆಗದ ಲ್ಯಾಪ್‌ಟಾಪ್

ಬದಿಯಡ್ಕದಲ್ಲಿ ಸಿಡಿಲು ಬಡಿದ ರಾತ್ರಿ ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ಆನ್ ಆಗಲಿಲ್ಲ, ಲೈಟೂ ಇಲ್ಲ, ಮಗಳ ಪ್ರಾಜೆಕ್ಟ್ ಅದರಲ್ಲೇ ಇದೆ ಅಂದಿದ್ದೀರಿ. ಗಾಬರಿ ಬೇಡ. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋದರೂ ಫೈಲುಗಳಿರುವ ಡಿಸ್ಕ್ ಉಳಿದಿರುವುದೇ ಜಾಸ್ತಿ.

ಮೊದಲು ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಆಮೇಲೆ ಬರೀ ಚಾರ್ಜರ್ ಹಾಕಿ ನೋಡಿ.

ಆಗಲೂ ಆನ್ ಆಗದಿದ್ದರೆ ನನ್ನ ಅನುಮಾನ ಅಡಾಪ್ಟರ್ ಮೇಲೆ, ಅಂದರೆ ಚಾರ್ಜರಿನ ಡಬ್ಬಿ ಮೇಲೆ. ಕುಂಬಳೆಯ ನಮ್ಮ ಮನೆಯಲ್ಲೂ ತುಲಾ ತಿಂಗಳ ಗುಡುಗಿಗೆ ಹೀಗೇ ಆಗಿತ್ತು. ಅಡಾಪ್ಟರ್ ಮೂಗಿನ ಹತ್ತಿರ ಹಿಡಿದರೆ ಸುಟ್ಟ ಪ್ಲಾಸ್ಟಿಕ್ ವಾಸನೆ, ಅಲುಗಿಸಿದರೆ ಒಳಗೆ ಏನೋ ಗಲಗಲ ಸದ್ದು. ನಿಮ್ಮದು ದುಂಡು ಪಿನ್ನಿನದಾದರೆ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಸಿ. ಅಡಾಪ್ಟರ್ ಮೇಲೆ 19.5 ವೋಲ್ಟ್ ಅಂತ ಬರೆದಿದ್ದರೆ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಟೈಪ್-ಸಿ ಆದರೆ ಸುಮ್ನೆ ಅಳೆದು ಪ್ರಯೋಜನವಿಲ್ಲ, ಲ್ಯಾಪ್‌ಟಾಪಿಗೆ ಸಿಕ್ಕಿಸದೆ ಅದು ಪೂರ್ತಿ ವೋಲ್ಟೇಜ್ ಕೊಡುವುದಿಲ್ಲ. ಬೇರೆಯವರ ಅಡಾಪ್ಟರ್ ಹಾಕುವುದಾದರೆ ವೋಲ್ಟ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಒಂದೇ ಇರಲಿ, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆಯಿಲ್ಲ.

ಅಡಾಪ್ಟರ್ ಸರಿ ಇದ್ದರೆ ಬೋರ್ಡ್ ರಿಪೇರಿ. ಕೊಡುವ ಮೊದಲೇ ಹೇಳಿಬಿಡಿ: ಫಾರ್ಮ್ಯಾಟ್ ಮಾಡಬಾರದು, ಡಿಸ್ಕ್ ಬಿಚ್ಚಲು ಬಂದರೆ ಮೊದಲು ಪ್ರಾಜೆಕ್ಟ್ ಕಾಪಿ ಮಾಡಿಕೊಡಬೇಕು.

ಅಡಾಪ್ಟರಿನ ಮೇಲಿನ ಪುಟ್ಟ ಲೈಟ್ ಉರಿಯುತ್ತಿದೆಯಾ? ನೋಡಿ ಬರೆಯಿರಿ.