ಸೊಂಟದ ಗೆರೆ ಎಲ್ಲಿದೆ, ನೋಡಿದಿರಾ?

ನಮಸ್ಕಾರ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಕಾದಂಬರಿಗಳ ಪುಟಗಳಲ್ಲಿ ಅಚ್ಚಾದ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಹೊಸದು. ಆದರೆ ಎರಡನೇ ಪ್ಯಾರಾ ರಾತ್ರಿಯೆಲ್ಲ ಕಿರಿಕಿರಿ ಮಾಡಿತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಈ ಚಿತ್ರಗಳು ಆ ಕಾಲದ ಕನ್ನಡಿ’ ಎಂದಿದ್ದೀರಿ. ಯಾವ ಕಾಲದ್ದು? ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಂದದ್ದು 1813ರಲ್ಲಿ. ನೀವು ಮೆಚ್ಚಿದ ಹ್ಯೂ ಥಾಮ್ಸನ್ ಚಿತ್ರಗಳು 1894ರವು. ಅವರು ಹುಟ್ಟಿದ್ದೇ 1860ರಲ್ಲಿ, ಆಸ್ಟಿನ್ ತೀರಿಕೊಂಡು 43 ವರ್ಷದ ಮೇಲೆ. ತಾವು ಕಾಣದ ಅಜ್ಜಿಯ ಕಾಲವನ್ನು ಪ್ರೀತಿಯಿಂದ ಕಲ್ಪಿಸಿಕೊಂಡು ಬರೆದರು. ಆ ಗೆರೆಗಳ ಮುದ್ದು ಅಲ್ಲಿಂದಲೇ ಬಂದದ್ದು.

ಮುಂದಿನ ಸಾಲು: ‘ನಾಯಕಿಯ ಗೌನ್ ಕಣ್ಮನ ಸೆಳೆಯುತ್ತದೆ.’ ಇದನ್ನು ಓದಿದವರಿಗೆ ಏನು ಕಾಣಿಸಿತು? ಸೊಂಟದ ಗೆರೆ ಎಲ್ಲಿದೆ, ಹೇಳಿ. ರೀಜೆನ್ಸಿ ಕಾಲದಲ್ಲಿ, ಅಂದರೆ ಈ ಕಾದಂಬರಿ ಬಂದ ದಿನಗಳಲ್ಲಿ, ಅದು ಎದೆಯ ಕೆಳಗೇ ಇತ್ತು. ಅಲ್ಲಿಂದ ತೆಳು ಮಸ್ಲಿನ್ ನೇರ ಇಳಿಯುತ್ತಿತ್ತು. ಈಗ ಬೆಂಟ್ಲಿ ಎಂಬ ಪ್ರಕಾಶಕರ 1833ರ ಆವೃತ್ತಿಯ ಚಿತ್ರ ಪಕ್ಕದಲ್ಲಿಟ್ಟು ನೋಡಿ. ಅದೇ ನಾಯಕಿ ಎಲಿಜಬೆತ್, ಆದರೆ ಸೊಂಟದ ಗೆರೆ ಕೆಳಗಿಳಿದಿದೆ, ಗೌನಿನ ತೋಳುಗಳು ದಪ್ಪಗೆ ಉಬ್ಬಿವೆ. ಚಿತ್ರಕಾರ ಅವಳಿಗೆ ತನ್ನ ಕಾಲದ ಬಟ್ಟೆ ತೊಡಿಸಿಬಿಟ್ಟಿದ್ದಾನೆ! ಲೇಖನ ಶುರುವಾಗಬೇಕಿದ್ದದ್ದೇ ಇಲ್ಲಿಂದ.

‘ಡಾರ್ಸಿ ಮಂಡಿಯೂರಿ ಪ್ರೇಮ ನಿವೇದಿಸುವ ಆ ಗಳಿಗೆ...’ ಈ ಸಾಲಿಗೆ ನಿಜಕ್ಕೂ ಸಿಟ್ಟು ಬಂತು. ಕಾದಂಬರಿಯಲ್ಲಿ ನಾಯಕ ಡಾರ್ಸಿ ಮಂಡಿಯೂರುವುದೇ ಇಲ್ಲ. ಸ್ವಲ್ಪ ಹೊತ್ತು ಕೂರುತ್ತಾನೆ, ಏಳುತ್ತಾನೆ, ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಾನೆ, ಆಮೇಲೆ ಬಾಯಿಬಿಡುತ್ತಾನೆ. ಎಲಿಜಬೆತ್ ಒಲ್ಲೆ ಅನ್ನುವಾಗ ಬೆಂಕಿಗೂಡಿನ ಮೇಲಿನ ಹಲಗೆಗೆ ಒರಗಿ ನಿಂತಿರುತ್ತಾನೆ. ಆ ಒರಗುವುದರಲ್ಲೇ ಅವನ ಜಂಬವೆಲ್ಲ ಇದೆ, ಅಲ್ವಾ?

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಫೋಟೊಗಳಿಗೆ ಅಡಿಬರಹ ಬರೆಯುವುದು ನನ್ನ ಪಾಲಿಗಿತ್ತು. ಒಮ್ಮೆ ‘ನಗುಮೊಗದ ಮದುಮಗಳು’ ಎಂದು ಬರೆದುಕೊಟ್ಟೆ. ಹಿರಿಯ ಉಪಸಂಪಾದಕರು ಫೋಟೊವನ್ನು ನನ್ನ ಕೈಗಿತ್ತು, ‘ಎಲ್ಲಿ ನಗು, ತೋರಿಸು’ ಎಂದರು. ಅವಳು ನಗುತ್ತಿರಲಿಲ್ಲ. ಒಂದು ಕೈ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ನಾನು ನೋಡೇ ಇರಲಿಲ್ಲ. ಅವತ್ತಿನಿಂದ ಚಿತ್ರ ಮೇಜಿನ ಮೇಲಿಲ್ಲದೆ ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಉಳಿದ ಪ್ಯಾರಾಗಳನ್ನು ಮುಟ್ಟಬೇಡಿ. ಇದೊಂದನ್ನು ಮಾತ್ರ, 1833 ಮತ್ತು 1894ರ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.