ಗಾಲ್ಫ್ ಖರ್ಚು, ಬಳ್ಳಾರಿಯ ಬಿಸಿಲು

ಪ್ರಶ್ನೆ: ತೋರಣಗಲ್ಲು ಬಳಿಯ ಕಾರ್ಖಾನೆಯೊಂದರಿಂದ ನಿವೃತ್ತನಾಗಿ ಬಳ್ಳಾರಿಯಲ್ಲಿದ್ದೇನೆ. ಬೆಂಗಳೂರಿನ ಮಗಳ ಮನೆಗೆ ಹೋದಾಗಲೆಲ್ಲ ಅಳಿಯನೊಂದಿಗೆ ಗಾಲ್ಫ್ ಆಡುತ್ತೇನೆ. ಕಳೆದ ಸಲದ ಬಿಲ್ ನೋಡಿ ಗಾಬರಿಯಾಯಿತು. ಇದು ಇಷ್ಟು ದುಬಾರಿಯಾದದ್ದೇಕೆ? ಗಾಲ್ಫ್ ಕೋಲುಗಳ ಹೊಸ ಸೆಟ್ ಕೊಳ್ಳಬಹುದೇ? ನಮ್ಮ ಊರಲ್ಲೇ ಒಂದು ಮೈದಾನ ಮಾಡಲಾಗದೇ?

ಉತ್ತರ: ತಾವು ಕಟ್ಟಿದ ಹಣದ ದೊಡ್ಡ ಪಾಲು ಹುಲ್ಲಿಗೆ ಹೋಗಿದೆ. 18 ಕುಳಿಗಳ ಕೋರ್ಸಿಗೆ ಸಾಮಾನ್ಯವಾಗಿ 100 ಎಕರೆಗೂ ಹೆಚ್ಚು ಜಾಗ ಬೇಕು. ಅದರಲ್ಲಿ ಪ್ರತಿ ಕುಳಿಯ ಸುತ್ತಲಿನ ನುಣುಪು ಹಾಸಾದ ಗ್ರೀನ್‌ಗಳ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ದಿನವೂ ಕತ್ತರಿಸಬೇಕು. ನೀರು, ಡೀಸೆಲ್, ಕೂಲಿಗಳಲ್ಲಿ ಯಾವುದು ಏರಿದರೂ ಅದು ಆಡುವ ಶುಲ್ಕವಾದ ಗ್ರೀನ್ ಫೀಗೆ ಬಂದು ಸೇರುತ್ತದೆ. ಅದರ ಮೇಲೆ ಚೀಲ ಹೊರುವ ಕ್ಯಾಡಿಯ ಶುಲ್ಕ, ಜಿಎಸ್‌ಟಿ ಬೇರೆ. 2020ರ ನಂತರ, ಬಯಲಿನಲ್ಲಿ ದೂರದೂರ ನಿಂತು ಆಡುವ ಆಟವೆಂಬ ಕಾರಣಕ್ಕೆ ಹಲವು ದೇಶಗಳಲ್ಲಿ ಹೊಸ ಆಟಗಾರರು ಹೆಚ್ಚಿದರು. ಆದರೆ 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂತೆ ನಗರದ ನಡುವೆ ಇರುವ ಕೋರ್ಸುಗಳು ಹಿಗ್ಗುವುದು ಎಲ್ಲಿಗೆ? ಅತಿಥಿಯಾಗಿ ಹೋದವರಿಗೆ ದರ ಸಾಮಾನ್ಯವಾಗಿ ಹೆಚ್ಚು. ಭಾನುವಾರ ಬಿಟ್ಟು ವಾರದ ನಡುವೆ ಹೋಗಿ, ನಿವೃತ್ತರಿಗೆ ಅದೇನು ಕಷ್ಟವಲ್ಲ.

ಹೊಸ ಸೆಟ್ ಬೇಡವೆಂದೇ ನನ್ನ ಸಲಹೆ. ಅತಿ ದೂರ ಹೊಡೆಯುವ ಕೋಲಾದ ಡ್ರೈವರಿನ ತಲೆ 460 ಘನ ಸೆಂಟಿಮೀಟರ್ ಮೀರಬಾರದೆಂಬ ನಿಯಮ 2004ರಿಂದಲೇ ಇದೆ. ಚೆಂಡಿಗೆ ತಾಗುವ ಅದರ ಮುಖದ ಪುಟಿತಕ್ಕೂ ಮಿತಿಯಿದೆ. ಹೀಗಿರುವಾಗ ಎಂಟು ವರ್ಷ ಹಳೆಯ ಡ್ರೈವರಿಗೂ ಈ ವರ್ಷದ್ದಕ್ಕೂ ನಮ್ಮಂಥ ಹವ್ಯಾಸಿಗಳ ಕೈಯಲ್ಲಿ ಕಾಣುವ ಅಂತರ ಅಲ್ಪ. ಚೀಲದಲ್ಲಿ 14 ಕ್ಲಬ್ (ಕೋಲು) ಇಟ್ಟುಕೊಳ್ಳಲು ಅನುಮತಿಯಿದೆಯೇ ಹೊರತು ಅಷ್ಟೂ ಇರಲೇಬೇಕೆಂದಿಲ್ಲ. ದೂರದ ಹೊಡೆತಕ್ಕೆ ಒಂದು ಹೈಬ್ರಿಡ್, ನಡುದೂರಕ್ಕೆ 5, 7, 9ರ ಐರನ್‌ಗಳು, ಹತ್ತಿರಕ್ಕೆ ಎರಡು ವೆಡ್ಜ್, ಚೆಂಡನ್ನು ಕುಳಿಗೆ ಉರುಳಿಸಲು ಒಂದು ಪಟರ್ ಸಾಕು. ಹಳೆಯದನ್ನು ಕೊಳ್ಳುವಾಗ ಹಿಡಿಯ ರಬ್ಬರಿಗೆ ಉಗುರು ಒತ್ತಿ ನೋಡಿ: ಗುರುತು ಬೀಳದೆ ಜಾರಿದರೆ ಅದು ಗಡುಸಾಗಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊಂಡ ಮೇಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಹಿಡಿ ಬೇಗ ಹಾಳಾಗುತ್ತದೆ.

ಊರಿನ ಮೈದಾನದ ಮಾತಿಗೆ ಬರೋಣ. ಹುಲ್ಲಿನ ಕೋರ್ಸನ್ನು ನಾನು ಬೆಂಬಲಿಸಲಾರೆ. ತುಂಗಭದ್ರೆಯ ಕಾಲುವೆ ನೀರಿಗೆ ಭತ್ತ, ಮೆಣಸಿನಕಾಯಿ ಬೆಳೆಯುವವರೇ ಕಾದು ಕುಳಿತಿರುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗಿನ ಆತಂಕ ಇಲ್ಲಿ ಯಾರಿಗೂ ಮರೆತಿಲ್ಲ. ಆದರೆ ಒಣನಾಡುಗಳಲ್ಲಿ ಹಿಂದಿನಿಂದಲೂ ಗ್ರೀನ್‌ಗಳ ಬದಲು ‘ಬ್ರೌನ್’ಗಳಿದ್ದವು. ಮರಳಿಗೆ ಎಣ್ಣೆ ಬೆರೆಸಿ, ರೋಲರ್ ಹಾಯಿಸಿ ಸಮ ಮಾಡಿದ ವೃತ್ತಗಳು ಅವು. ಪಟ್ ಮಾಡುವ ಮುನ್ನ ಚೆಂಡಿನ ದಾರಿಯನ್ನು ಹಲಗೆಯಿಂದ ಎಳೆದು ನುಣುಪು ಮಾಡಿಕೊಳ್ಳಬೇಕು. ಚೆಂಡು ಬಿದ್ದು ನಿಲ್ಲುವ ಬಯಲಿಗೆ ನಮ್ಮ ಗರಿಕೆಯೇ ಆದೀತು. ಬಿಸಿನಾಡಿನ ಹೆಸರಾಂತ ಕೋರ್ಸುಗಳಲ್ಲಿ ‘ಬರ್ಮುಡಾ’ ಎಂದು ಬೆಳೆಸುವುದೂ ಗಣಪನಿಗೆ ಏರಿಸುವ ಈ ಗರಿಕೆಯ ಕುಲವನ್ನೇ! ಕಡಿಮೆ ದೂರದ ಒಂಬತ್ತು ಕುಳಿಗಳಾದರೆ ಹದಿನೈದು-ಇಪ್ಪತ್ತು ಎಕರೆ ಪಾಳುನೆಲ ಸಾಕಾದೀತು. ಅಲ್ಲಿಯವರೆಗೆ ಮನೆಯಂಗಳದಲ್ಲಿ ಫೋಮ್ ಚೆಂಡಿನಿಂದ ಚಿಪ್ (ಗಿಡ್ಡ ಹೊಡೆತ) ಅಭ್ಯಾಸ ಮಾಡಿ. ಶಾಲೆಯ ಮೈದಾನಕ್ಕೆ ನಿಜವಾದ ಚೆಂಡನ್ನು ಒಯ್ಯಬೇಡಿ: ತೂಕ 46 ಗ್ರಾಂಗೂ ಕಡಿಮೆಯಾದರೂ ತಲೆಗೆ ಬಿದ್ದರೆ ಅದು ಕಲ್ಲೇ.